ತೆರುನೊಫುಜಿಯ ಪಟ್ಟ ಹೋಗಿದ್ದು ಮಂಡಿಯಿಂದಲೋ, ಪಟ್ಟಿನಿಂದಲೋ?

ಮಣ್ಣಿನಂಗಳ
ಎಲ್ಲರಿಗೂ ನಮಸ್ಕಾರ. ಸುಮೋ ಪೈಲ್ವಾನ ತೆರುನೊಫುಜಿ ನಿವೃತ್ತಿ ಹೇಳಿದ ಮೇಲೆ ಸುಮೋ ನೋಡುವ ನಮ್ಮ ಮಂದಿ ಎಲ್ಲಿ ಸೇರಿದರೂ ಒಂದೇ ಮಾತು: "ಮಂಡಿ ಒಂದು ಗಟ್ಟಿ ಇದ್ದಿದ್ರೆ ದಾಖಲೆ ಕಪ್ ಗೆದ್ದ ಹಕುಹೊ ಥರ ಆಗ್ತಿದ್ದ". ನನಗೆ ಇದು ಅರ್ಧ ಸತ್ಯ ಅನ್ನಿಸುತ್ತೆ.

ಲೆಕ್ಕ ನೋಡಿ. ಹುಟ್ಟಿದ್ದು 1991ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ. ಜಪಾನಿನ ತೊತ್ತೊರಿಯ ಹೈಸ್ಕೂಲಿಗೆ ಬಂದು, 2011ರಲ್ಲಿ ಮೊದಲ ಬಶೊ (15 ದಿನದ ಪಂದ್ಯಾವಳಿ). 2014ರ ಮಾರ್ಚಲ್ಲಿ ಎಲ್ಲಕ್ಕಿಂತ ಮೇಲಿನ ಮಕುಉಚಿ ವಿಭಾಗ. 2015ರ ಮೇನಲ್ಲಿ ಸೆಕಿವಾಕೆ (ಮೇಲಿನಿಂದ ಮೂರನೇ ಪಟ್ಟ) ಆಗಿದ್ದಾಗಲೇ 12-3ರಲ್ಲಿ ಕಪ್, ಬೆನ್ನಿಗೇ ಅದರ ಮೇಲಿನ ಓಜೆಕಿ ಪಟ್ಟ. ಆಗಿನ್ನೂ 23 ವಯಸ್ಸು. 2017ರ ಸೆಪ್ಟೆಂಬರಿಗೆ ಆ ಪಟ್ಟ ಹೋಯ್ತು. 2019ರ ಮಾರ್ಚಲ್ಲಿ ಜೊನಿದಾನ್ 48, ಅಂದ್ರೆ ತಳದಿಂದ ಎರಡನೇ ವಿಭಾಗ. ಅಲ್ಲಿಂದ ಎದ್ದು ಬಂದು 2020ರ ಜುಲೈನಲ್ಲಿ ಮತ್ತೆ ಕಪ್, 2021ರಲ್ಲಿ 73ನೇ ಯೊಕೊಜುನಾ, ಅಂದ್ರೆ ಸುಮೋದ ಅತಿ ಮೇಲಿನ ಪಟ್ಟ. 2025ರ ಜನವರಿ 17ಕ್ಕೆ ನಿವೃತ್ತಿ. ಒಟ್ಟು 10 ಕಪ್.

ನನ್ನ ಪ್ರಶ್ನೆ ಇಷ್ಟೇ. ಮಂಡಿ ಸುಮ್ಸುಮ್ನೆ ಹೋಯ್ತಾ? ಅವನು ಆಡ್ತಿದ್ದ ರೀತಿಯೇ ಅದನ್ನ ತಿಂದು ಹಾಕ್ತಾ? ಗೊತ್ತಿರೋರು ಬಿಡಿಸಿ ಹೇಳಿ.

ಜಾರುಪಾದ
ಪಟ್ಟೇ ತಿಂದಿದ್ದು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

2014-15ರ ಸೆಣಸುಗಳನ್ನ ಮತ್ತೆ ಹಾಕಿ ನೋಡಿ. ಎದುರಾಳಿ ಎರಡೂ ಕೈಯನ್ನ ಅವನ ಕಂಕುಳ ಒಳಗೆ ತೂರಿಸ್ತಾನೆ. ಇದಕ್ಕೆ ಮೊರೊಜಾಶಿ ಅಂತಾರೆ, ಸುಮೋದಲ್ಲಿ ಇದು ಸಿಕ್ಕರೆ ಮುಕ್ಕಾಲು ಗೆದ್ದ ಹಾಗೆ. ಬೇರೆ ಯಾರಾದ್ರೂ ಆಗಿದ್ರೆ ಒದ್ದಾಡಿ ಒಂದು ಕೈಯನ್ನಾದ್ರೂ ಹೊರಗೆ ದೂಡ್ತಿದ್ರು. ತೆರುನೊಫುಜಿ ದೂಡ್ತಿರಲಿಲ್ಲ. ಬಾ ಅಂತ ಬಿಟ್ಟುಕೊಂಡು, ಹೊರಗಿನಿಂದ ಆ ಎರಡೂ ಮೊಣಕೈಗಳನ್ನ ತನ್ನ ತೋಳಲ್ಲಿ ಇಕ್ಕಳದ ಹಾಗೆ ಬಿಗೀತಿದ್ದ. ಹಾಗೇ ಬೆನ್ನು ಹಿಂದಕ್ಕೆ ಬಾಗಿಸಿ ಎತ್ತಿ ಆಚೆ ಇಡ್ತಿದ್ದ. ಕಿಮೆದಾಶಿ ಅಂದ್ರೆ ಅದೇ.

ಎಲ್ಲಿ ಕೆಡುತ್ತೆ ನೋಡಿ:
ಕೈ ಹೊರಗಿನಿಂದ ಬಿಗಿದಾಗ ಸೊಂಟ ಮೇಲೇಳುತ್ತೆ. ಸೊಂಟ ಎದ್ದರೆ ಮಂಡಿ ನೆಟ್ಟಗಾಗುತ್ತೆ. ಅವನದು 192 ಸೆಂ.ಮೀ. ಎತ್ತರ, ಸುಮಾರು 180 ಕೆ.ಜಿ. ತೂಕ. ಎದುರಿಗಿರೋನು 160 ಕೆ.ಜಿ. ಅಂತಿಟ್ಟುಕೊಂಡ್ರೂ ಒಟ್ಟು 340 ಕೆ.ಜಿ. ನೆಟ್ಟಗೆ ನಿಂತ ಎರಡು ಮಂಡಿ ಮೇಲೆ, ಅದೂ ಹಿಂದಕ್ಕೆ ವಾಲಿಕೊಂಡು. ಹಿಮ್ಮಡಿ ತವಾರಾಕ್ಕೆ, ಅಂದ್ರೆ ಆ ಹುಲ್ಲಿನ ಅಂಚಿಗೆ ಸಿಕ್ಕಿಕೊಂಡಿರುತ್ತೆ, ಪಾದ ಅಲ್ಲಾಡಲ್ಲ. ಆಗ ಎದುರಾಳಿ ಚೂರು ತಿರುಚಿದ್ರೆ ಸಾಕು, ಮೈ ತಿರುಗುತ್ತೆ, ಪಾದ ತಿರುಗಲ್ಲ. ನಡುವೆ ಸಿಕ್ಕಿಹಾಕಿಕೊಳ್ಳೋದು ಮಂಡಿ.

ಕೆಂಪುಲಂಗೋಟಿ
ಹಂಗಲ್ರೀ ಸರ. ಪಟ್ಟಿನ ಮ್ಯಾಲೆ ಎಲ್ಲಾ ತಪ್ಪು ಹಾಕಬ್ಯಾಡ್ರಿ. 2015ರ ಸೆಪ್ಟೆಂಬರದಾಗ 11-0 ಇದ್ದಾಂವ. 13ನೇ ದಿನ ಕಿಸೆನೊಸಾಟೊ ಮುಂದ ಬಲ ಮಂಡಿ ಹೋತು. ಒಳಗಿನ ಲಿಗಮೆಂಟ್, ಮೆನಿಸ್ಕಸ್ ಎರಡೂ. ಅವತ್ತೇ ಬಿಟ್ಟು ಹೋಗಿದ್ರ ಕತಿನೇ ಬ್ಯಾರೆ ಇರ್ತಿತ್ತು. ಆದ್ರ 14ನೇ ದಿನ ಇಳದಾನ, ಸೋತಾನ. 15ನೇ ದಿನ ಯೊಕೊಜುನಾ ಕಾಕುರ್ಯುನ್ನ ಹೊಡದು, ಪ್ಲೇಆಫ್‌ಗೂ ಇಳದಾನ. ಹರದ ಮಂಡಿ ಮ್ಯಾಲೆ ಮೂರು ಸೆಣಸು. ಕೆಡಿಸಿದ್ದು ಅದು.

ಜಾರುಪಾದ
@ಕೆಂಪುಲಂಗೋಟಿ ಸರ್, ಆ 13ನೇ ದಿನ ಅವನು ಹೇಗೆ ನಿಂತಿದ್ದ ಅಂತ ಒಂದ್ಸಲ ನೋಡಿ. ಅಂಚಿನಲ್ಲಿ ನೆಟ್ಟಗೆ ನಿಂತು ಒತ್ತಡ ತಡೀತಿದ್ದ. ನಾನು ಹೇಳಿದ್ದೂ ಅದನ್ನೇ.

ಕೆಂಪುಲಂಗೋಟಿ
ನೋಡೇನ್ರೀ. ಅಂಚಿನ್ಯಾಗ ಎಲ್ಲಾರೂ ಹಂಗ ನಿಲ್ಲತಾರ. ಎಲ್ಲಾರ ಮಂಡಿ ಹೋಗೂದಿಲ್ಲ.

ಸಂಧಿಬಂಧ
ಇಬ್ಬರೂ ಹೇಳ್ತಿರೋದು ಸರಿ, ಆದರೆ ಎರಡು ಬೇರೆ ಬೇರೆ ಪೆಟ್ಟು ಅವು. ಮಂಡಿಯ ಒಳಗಿನ ಎಸಿಎಲ್ ಅನ್ನೋ ಕಟ್ಟು ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಚಿಕೊಳ್ಳದ ಹಾಗೆ ಹಿಡಿದಿಡುತ್ತೆ. ಮೆನಿಸ್ಕಸ್ ಎರಡು ಮೂಳೆ ನಡುವಿನ ಮೆತ್ತೆ. ಕಟ್ಟು ಹರಿದ ಮೇಲೂ ಆಡ್ತಾ ಹೋದ್ರೆ ಮೂಳೆ ಒಳಗೆ ಅಲುಗಾಡ್ತಾನೇ ಇರುತ್ತೆ, ಮೆತ್ತೆ ಅರೆದು ಹೋಗುತ್ತೆ. ತೊಡೆಯ ಸ್ನಾಯು ದಪ್ಪ ಇದ್ದರೆ ಕೆಲವು ದಿನ ಅದೇ ಕಟ್ಟಿನ ಕೆಲಸ ಮಾಡುತ್ತೆ, ಹಾಗಾಗಿ ಪೈಲ್ವಾನನಿಗೆ ‘ಪರವಾಗಿಲ್ಲ’ ಅನ್ನಿಸುತ್ತೆ. ಮೋಸ ಅಲ್ಲೇ ಇರೋದು.

ಎಸಿಎಲ್ ಸರ್ಜರಿ ಆದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ 9ರಿಂದ 12 ತಿಂಗಳು ಮೈದಾನಕ್ಕೆ ಇಳಿಯಲ್ಲ. ಸುಮೋದಲ್ಲಿ ಎರಡು ತಿಂಗಳಿಗೊಂದು ಬಶೊ. 9 ತಿಂಗಳು ಅಂದ್ರೆ ನಾಲ್ಕೈದು ಬಶೊ ಕೈಬಿಟ್ಟ ಹಾಗೆ. ತೆರುನೊಫುಜಿ ಎರಡೇ ತಿಂಗಳಿಗೆ, 2015ರ ನವೆಂಬರಲ್ಲಿ ಇಳಿದು 9-6 ಮಾಡಿದ. 2016ರ ಜನವರಿಯಲ್ಲಿ ಬಲಗಡೆ ಕೊರಳಮೂಳೆ ಮುರೀತು, ಎಡ ಮಂಡಿಯ ಮೆನಿಸ್ಕಸ್ಸೂ ಹೋಯ್ತು. ಬಲಗಾಲಿಗೆ ಭಾರ ಹಾಕಲಾರದೆ ಎಡಗಾಲಿಗೆ ಹಾಕಿದರೆ ಎಡಗಾಲೂ ಹೀಗೇ ಸೋಲುತ್ತೆ.

ಬಂಜುಕೆಬಾಬು
ಯಾಕೆ ಇಳಿದ ಅನ್ನೋದನ್ನ ಕೇಳ್ರಪ್ಪ ಮೊದ್ಲು! ಕೂತ್ಕೊಂಡ್ರೆ ಪಟ್ಟ ಹೋಗುತ್ತೆ, ಅದಕ್ಕೆ ಇಳಿದ.

ನಿಯಮ ಹೀಗಿದೆ. ಬಶೊಗೆ ಬರದೇ ಇದ್ದ ದಿನಗಳೆಲ್ಲ ಸೋಲಿನ ಲೆಕ್ಕಕ್ಕೇ ಹೋಗುತ್ತವೆ. ಓಜೆಕಿ ಒಂದು ಬಶೊದಲ್ಲಿ 8 ಗೆಲ್ಲದಿದ್ದರೆ ಕಡೊಬಾನ್, ಅಂದ್ರೆ ಕತ್ತಿ ಅಂಚಿನ ಮೇಲೆ. ಮುಂದಿನದರಲ್ಲೂ 8 ಆಗದಿದ್ದರೆ ಸೆಕಿವಾಕೆಗೆ ಇಳಿಸ್ತಾರೆ. ಇಳಿದ ಮೊದಲ ಬಶೊದಲ್ಲೇ 10 ಗೆದ್ದರೆ ಪಟ್ಟ ವಾಪಸ್, ಇಲ್ಲದಿದ್ದರೆ ಮೊದಲಿನಿಂದ ಶುರು.

ಈಗ 2016ರ ಅವನ ಸಾಲು ನೋಡಿ. ಜನವರಿ: ನಡುವೆ ಹಿಂದೆ ಸರಿದ. ಮಾರ್ಚ್: 8-7. ಮೇ: 2-13, ಅದರಲ್ಲಿ ಸತತ 13 ಸೋಲು. ಜುಲೈ: 8-7. ಸೆಪ್ಟೆಂಬರ್: 4-11. ನವೆಂಬರ್: 8-7. 2017ರ ಜನವರಿ: 4-11. ಗರಗಸದ ಹಲ್ಲಿನ ಥರ ಇದೆ. ಒಂದು ಬಶೊ ಕಾಲು ಎಳಕೊಂಡು ಸೋಲೋದು, ಮುಂದಿನದರಲ್ಲಿ ಇದ್ದಬದ್ದ ಶಕ್ತಿಯೆಲ್ಲ ಸುರಿದು 8 ಮುಟ್ಟೋದು. ವಾಸಿ ಆಗೋಕೆ ಸಮಯ ಎಲ್ಲಿತ್ತು?

ಹಿಂದೆ ಹೀಗಿರಲಿಲ್ಲ. 1972ರಲ್ಲಿ ಕೊಶೊ ಅಂತ ಒಂದು ಪದ್ಧತಿ ತಂದಿದ್ರು. ದೊಹ್ಯೊ (ಸೆಣಸಿನ ಕಣ) ಮೇಲೆ ಪೆಟ್ಟಾಯ್ತು ಅಂತ ಸರ್ಟಿಫಿಕೇಟ್ ಸಿಕ್ಕರೆ ಮುಂದಿನ ಬಶೊ ಕೂತರೂ ಸ್ಥಾನ ಅಲ್ಲೇ ಇರ್ತಿತ್ತು. 2003ರ ಕೊನೆಗೆ ಅದನ್ನ ತೆಗೆದುಹಾಕಿದ್ರು. ಅದೊಂದು ಇದ್ದಿದ್ರೆ 2015ರ ನವೆಂಬರಲ್ಲಿ ಅವನು ಇಳೀಬೇಕಾಗೇ ಇರಲಿಲ್ಲ.

ಹಳೇದೊಹ್ಯೊ
ತೆಗೆದಿದ್ದಕ್ಕೂ ಕಾರಣ ಇತ್ತು ಸ್ವಾಮಿ. ಚಿಕ್ಕಪುಟ್ಟ ನೋವಿಗೂ ಸರ್ಟಿಫಿಕೇಟ್ ತರೋರು ಜಾಸ್ತಿಯಾದ್ರು. ಟಿಕೆಟ್ ಕೊಟ್ಟು ಬಂದ ಜನಕ್ಕೆ ನೋಡಬೇಕಾದ ಪೈಲ್ವಾನರೇ ಇರ್ತಿರಲಿಲ್ಲ. ಇನ್ನೊಂದು, ಕೊಶೊ ಕೊಡ್ತಿದ್ದಿದ್ದು ಒಂದೇ ಬಶೊಗೆ. ಎಸಿಎಲ್‌ಗೆ ನಾಲ್ಕೈದು ಬೇಕು ಅಂತ ಮೇಲೆ ಈಗ ತಾನೇ ಹೇಳಿದ್ದಾರೆ.

ಬಂಜುಕೆಬಾಬು
ಒಂದಾದ್ರೂ ಸಿಗ್ತಿತ್ತಲ್ಲ ಸರ್. ಏನೂ ಇಲ್ಲದ್ದಕ್ಕಿಂತ ಮೇಲು. ದುರುಪಯೋಗ ಆಯ್ತು ಅಂದ್ರೆ ತಪಾಸಣೆ ಬಿಗಿ ಮಾಡಬೇಕಿತ್ತು, ಪದ್ಧತಿಯನ್ನೇ ಎತ್ತಿಹಾಕಿದ್ದು ನ್ಯಾಯ ಅಲ್ಲ.

ಪಡುವಣಗಾಳಿ
ಒಂದು ಕೇಳ್ತೇನೆ ಮಾರಾಯ್ರೆ. ಕೆಳಗಿನ ವಿಭಾಗಕ್ಕೆ ಬಿದ್ದರೆ ಎಂತ ಆಗ್ತದೆ? ಸಂಬಳ ಸ್ವಲ್ಪ ಕಡಿಮೆ ಆಗ್ತದೆ, ಅಷ್ಟೇ ಅಲ್ವಾ?

ಹಳೇದೊಹ್ಯೊ
ಕಡಿಮೆ ಆಗೋದಲ್ಲ, ನಿಂತೇ ಹೋಗುತ್ತೆ. ಆರು ವಿಭಾಗದಲ್ಲಿ ಮೇಲಿನ ಎರಡಕ್ಕೆ ಮಾತ್ರ ತಿಂಗಳ ಸಂಬಳ: ಮಕುಉಚಿ, ಅದರ ಕೆಳಗೆ ಜುರ್ಯೊ. ಇವರನ್ನ ಸೆಕಿತೊರಿ ಅಂತಾರೆ. 2019ರಲ್ಲಿ ನಿಗದಿಯಾದ ದರದಲ್ಲಿ ಓಜೆಕಿಗೆ ತಿಂಗಳಿಗೆ 25 ಲಕ್ಷ ಯೆನ್, ಜುರ್ಯೊದವನಿಗೆ 11 ಲಕ್ಷ. ಅದರ ಕೆಳಗಿನ ಮಕುಶಿತದಲ್ಲಿ ಸಂಬಳವೇ ಇಲ್ಲ, ಎರಡು ತಿಂಗಳಿಗೊಮ್ಮೆ ಬಶೊ ಭತ್ಯೆ 1,65,000 ಯೆನ್. ಜೊನಿದಾನ್‌ನಲ್ಲಿ 88,000.

ದುಡ್ಡಿಗಿಂತ ಕಣ್ಣಿಗೆ ಹೊಡೆಯೋದು ಬಟ್ಟೆ. ತಾಲೀಮಿನ ಹೊತ್ತಲ್ಲಿ ಸೆಕಿತೊರಿ ಉಡೋದು ಬಿಳಿ ಮವಾಶಿ (ಸೊಂಟಕ್ಕೆ ಸುತ್ತುವ ಪಟ್ಟಿ), ಉಳಿದವರೆಲ್ಲ ಕಪ್ಪು. ಬಶೊದಲ್ಲಿ ಸೆಕಿತೊರಿಗೆ ಬಣ್ಣದ ರೇಷ್ಮೆ, ಮುಂದೆ ಇಳಿಬಿಟ್ಟ ಸಗಾರಿ ಎಳೆಗಳು ಕಡ್ಡಿಯ ಹಾಗೆ ಸೆಟೆದಿರುತ್ತವೆ, ಯಾಕಂದ್ರೆ ಸಮುದ್ರಪಾಚಿಯ ಅಂಟು ಹಾಕಿ ಗಟ್ಟಿ ಮಾಡಿರ್ತಾರೆ. ಕೆಳಗಿನವರ ಸಗಾರಿ ಜೋಲಾಡುತ್ತೆ. ಸೆಕಿತೊರಿಗೆ ಬೆನ್ನುಜ್ಜೋಕೆ, ಸಾಮಾನು ಹೊರೋಕೆ ಕಿರಿಯರು ಇರ್ತಾರೆ. ಮಕುಶಿತಕ್ಕೆ ಬಿದ್ದ ದಿನ ಅವರೂ ಇಲ್ಲ. ಕಪ್ ಎತ್ತಿದ ಕೈಲಿ ಕಪ್ಪು ಹತ್ತಿ ಮವಾಶಿ ಸುತ್ತಿಕೊಳ್ಳಬೇಕು.

ಪಡುವಣಗಾಳಿ
ಅಯ್ಯೋ ದೇವ್ರೇ. ಹಾಗಾದ್ರೆ ಜೊನಿದಾನ್‌ಗೆ ಹೋದ ಮೇಲೂ ಬಿಡಲಿಲ್ಲ ಅಂದ್ರೆ ದೊಡ್ಡ ಮಾತು ಅದು.

ಬಂಜುಕೆಬಾಬು
ಬೀಳುವ ವೇಗ ಹೇಳ್ತೀನಿ ಕೇಳಿ. 2018ರ ಮೇನಲ್ಲಿ ಜುರ್ಯೊದಲ್ಲಿ ಒಂದೂ ಗೆಲುವಿಲ್ಲ. ಜೂನ್‌ನಲ್ಲಿ ಎರಡೂ ಮಂಡಿಗೆ ಸರ್ಜರಿ. ಆಮೇಲೆ ನಾಲ್ಕು ಬಶೊ ಪೂರ್ತಿ ಗೈರು: ಮಕುಶಿತ 6, ಮಕುಶಿತ 47, ಅದರ ಕೆಳಗಿನ ಸಂದನ್ಮೆ 27, ಸಂದನ್ಮೆ 88. ಅಲ್ಲಿಂದ ಜೊನಿದಾನ್ 48. ಪ್ರತಿ ಸಲ 0-7 ಅಂತ ಲೆಕ್ಕ, ಪ್ರತಿ ಸಲ ನಲವತ್ತು ಅಥವಾ ಅದಕ್ಕೂ ಹೆಚ್ಚು ಮೆಟ್ಟಿಲು ಕೆಳಗೆ. ಸುಮೋ ಇತಿಹಾಸದಲ್ಲೇ ಅಷ್ಟು ಕೆಳಗೆ ಹೋಗಿ ವಾಪಸ್ ಮಕುಉಚಿಗೆ ಬಂದವರು ಬೇರೆ ಇಲ್ಲ.

ಗುಲಾಬಿಮವಾಶಿ
ತಪ್ಪು! ಉರಾನ ಮರೆತುಬಿಟ್ರಾ? ಅವನದೂ ಮಂಡಿ, ಎರಡು ಸಲ ಸರ್ಜರಿ, ಜೊನಿದಾನ್ 106ಕ್ಕೆ ಹೋಗಿ 2021ರಲ್ಲಿ ಮಕುಉಚಿಗೆ ಬಂದ. ‘ಓಜೆಕಿ ಆಗಿದ್ದವರಲ್ಲಿ’ ಅಂತ ಸೇರಿಸಿ, ಆಗ ಸರಿ.

ಬಂಜುಕೆಬಾಬು
ಒಪ್ಪಿದೆ ಮೇಡಂ. ಓಜೆಕಿ ಆಗಿದ್ದವರಲ್ಲಿ ಅಂತ ಓದಿಕೊಳ್ಳಿ ಎಲ್ಲರೂ.

ಸಂಧಿಬಂಧ
ಎಲ್ಲರೂ ಮಂಡಿಯನ್ನೇ ಹಿಡ್ಕೊಂಡಿದ್ದೀರಿ. 2018ರಲ್ಲಿ ಅವನನ್ನ ನಿಜವಾಗಿ ಮಲಗಿಸಿದ್ದು ಸಕ್ಕರೆ ಕಾಯಿಲೆ, ಜೊತೆಗೆ ಲಿವರ್ ತೊಂದರೆ. ಇವು ಮಂಡಿಗೂ ಸಂಬಂಧಪಟ್ಟವೇ. ರಕ್ತದಲ್ಲಿ ಸಕ್ಕರೆ ಏರಿದ್ರೆ ಗಾಯ ನಿಧಾನಕ್ಕೆ ಒಣಗುತ್ತೆ, ಸರ್ಜರಿ ಮಾಡಿದ ಜಾಗಕ್ಕೆ ಸೋಂಕು ತಗಲುವ ಅಪಾಯ ಜಾಸ್ತಿ, ಸ್ನಾಯು ಕರಗುತ್ತೆ. ಹರಿದ ಕಟ್ಟಿನ ಕೆಲಸ ಮಾಡ್ತಿದ್ದಿದ್ದೇ ತೊಡೆ ಸ್ನಾಯು ಅಂತ ಮೇಲೆ ಬರೆದಿದ್ದೆ. ಅದೂ ಹೋದ್ರೆ ಮಂಡಿ ಹಿಡಿಯೋಕೆ ಏನೂ ಉಳಿಯಲ್ಲ.

ಹಾಗಾಗಿ ಸರದಿ ಮುಖ್ಯ. ಮೊದಲು ಸಕ್ಕರೆ, ಆಮೇಲೆ ತೊಡೆ, ಆಮೇಲೆ ದೊಹ್ಯೊ. ಅವನು ನಿವೃತ್ತಿ ಆಗ್ತೀನಿ ಅಂತ ಮತ್ತೆ ಮತ್ತೆ ಹೋಗಿ ಕೇಳಿದಾಗ ಗುರು ಇಸೆಗಹಾಮ ಒಪ್ಪಲಿಲ್ಲ, ಮೊದಲು ಕಾಯಿಲೆ ವಾಸಿ ಮಾಡಿಕೋ ಅಂದ್ರು. ಆ ಗುರು 63ನೇ ಯೊಕೊಜುನಾ ಆಸಾಹಿಫುಜಿ. ಅವರಿಗೂ ಆಡುವ ಕಾಲದಲ್ಲಿ ಮೇದೋಜೀರಕ ಗ್ರಂಥಿಯ ಕಾಯಿಲೆ ಇತ್ತು. ಒಳಗಿನ ಕಾಯಿಲೆ ಪೈಲ್ವಾನನನ್ನ ಹೇಗೆ ತಿನ್ನುತ್ತೆ ಅಂತ ಗೊತ್ತಿದ್ದವರು.

ಕೆಂಪುಲಂಗೋಟಿ
ನಡುವ ಒಂದು ಮಾತ್ರೀ. ನಮ್ಮ ಗರಡಿ ಮಣ್ಣಿಗೂ ಅವರ ದೊಹ್ಯೊಗೂ ಭಾಳ ಫರಕ್ ಅದ. ನಮ್ಮ ಮಣ್ಣು ಎಣ್ಣಿ, ಮಜ್ಜಿಗಿ, ಅರಿಶಿನ ಹಾಕಿ ಹದಾ ಮಾಡಿದ್ದು, ಗುದ್ದಲಿ ಹಾಕಿ ಸಡಲ ಇಟ್ಟಿರತಾರ. ಬಿದ್ರ ಮೈ ಹುಗಿತದ. ದೊಹ್ಯೊ ಜೇಡಿಮಣ್ಣನ್ನ ಕಟಗಿಲೆ ಬಡದು ಬಡದು ಗಟ್ಟಿ ಮಾಡಿದ್ದು. ಮ್ಯಾಲೆ ತೆಳ್ಳಗ ಉಸುಕು. ಮ್ಯಾಲಿಂದ ಅದು ನೆಲಕ್ಕಿಂತ ಎತ್ತರದಾಗಿರತದ, ಅಲ್ಲಿಂದ ಕೆಳಗ ಬಿದ್ರ ಏನು ಉಳೀತದ?

ಹಳೇದೊಹ್ಯೊ
ಎತ್ತರ 34ರಿಂದ 60 ಸೆಂ.ಮೀ. ವೃತ್ತದ ಅಡ್ಡಳತೆ 4.55 ಮೀಟರ್. ಅಂಚಿನಿಂದ ಆಚೆ ಬಿದ್ದವನ ಮೇಲೆ ಇನ್ನೊಬ್ಬನೂ ಬೀಳೋದು ಮಾಮೂಲು. 2017ರ ಮಾರ್ಚಲ್ಲಿ ಕಿಸೆನೊಸಾಟೊ ಎಡ ಎದೆ-ತೋಳಿಗೆ ಪೆಟ್ಟು ಮಾಡಿಕೊಂಡಿದ್ದು ಹೀಗೆ ಆಚೆ ಬಿದ್ದೇ, ಹರುಮಾಫುಜಿ ಎದುರು.

ಗುಲಾಬಿಮವಾಶಿ
ಆ ಬಶೊ ಮಾತು ಬಂತಲ್ಲ, ಹೇಳಿಬಿಡ್ತೀನಿ. 14ನೇ ದಿನ ತೆರುನೊಫುಜಿ ಕೊತೊಶೊಗಿಕು ಎದುರು ಪಕ್ಕಕ್ಕೆ ಸರಿದು ಗೆದ್ದಿದ್ದು ಸರಿ ಇರಲಿಲ್ಲ. ಕೊತೊಶೊಗಿಕು ಓಜೆಕಿ ಪಟ್ಟ ವಾಪಸ್ ತಗೊಳ್ಳೋಕೆ 10 ಗೆಲುವು ಬೇಕಿತ್ತು, ಆ ಸೋಲಲ್ಲಿ ಅದು ಕೈತಪ್ಪಿತು.

ಜಾರುಪಾದ
ಮೇಡಂ, ಅವತ್ತು ಅವನ ಎಡ ಮಂಡಿ ಕೆಟ್ಟಿತ್ತು. ನೇರ ಡಿಕ್ಕಿ ಹೊಡೆದು ತಡೆಯೋ ಸ್ಥಿತಿ ಇರಲಿಲ್ಲ. ಸರಿಯೋದು ನಿಯಮದ ಒಳಗೇ ಇದೆ. ಅದಕ್ಕೆ ಒಸಾಕಾ ಜನ ಮಂಗೋಲಿಯಾಕ್ಕೆ ಹೋಗು ಅಂತ ಕೂಗಿದ್ದು ಮಾತ್ರ ಯಾವ ರೀತಿಯಲ್ಲೂ ಸರಿಯಲ್ಲ.

ಗುಲಾಬಿಮವಾಶಿ
ಕೂಗಿದ್ದು ಅಸಹ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ಓಜೆಕಿ ಆದವನು ಸರಿಯಬಾರದಿತ್ತು ಅಂತ ನನ್ನ ಅಭಿಪ್ರಾಯ.

ಮರುದಿನ ಗಾಯಗೊಂಡ ಕಿಸೆನೊಸಾಟೊ ಇವನನ್ನ ಎರಡು ಸಲ ಸೋಲಿಸಿ ಕಪ್ ತಗೊಂಡ. ಅವತ್ತು ಇಬ್ಬರೂ ಮುರಿದ ಮೈಯಲ್ಲಿ ಆಡಿದ್ರು. ಕಿಸೆನೊಸಾಟೊ ಮುಂದೆ ಒಂದು ಕಪ್ಪನ್ನೂ ಗೆಲ್ಲಲಿಲ್ಲ, ಯೊಕೊಜುನಾ ಆಗಿ 36 ಗೆಲುವು, 36 ಸೋಲು, 2019ರ ಜನವರಿಯಲ್ಲಿ ಮುಗೀತು. ಎಡಗೈಯೇ ಅವನ ಆಯುಧ, ಹೋಗಿದ್ದೂ ಅದೇ.

ಮಣ್ಣಿನಂಗಳ
ತುಂಬಾ ತಿಳ್ಕೊಂಡೆ. ಈಗ ಎರಡನೇ ಅರ್ಧಕ್ಕೆ ಬನ್ನಿ. ಪಟ್ಟೇ ಕೆಡಿಸಿತು ಅಂದ್ರೆ, ವಾಪಸ್ ಬಂದಾಗ ಏನು ಬದಲಾಯಿಸಿದ?

ಜಾರುಪಾದ
ಪಾದ. ಅದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

2019ರ ಮಾರ್ಚಲ್ಲಿ ಜೊನಿದಾನ್‌ನಲ್ಲಿ 7-0. ಆಮೇಲೆ 6-1, 6-1, 6-1, ನವೆಂಬರಲ್ಲಿ ಮಕುಶಿತ 10ರಲ್ಲಿ 7-0. ಕೆಳಗಿನವರು ಅಷ್ಟೇನೂ ಗಟ್ಟಿ ಇಲ್ಲ ಅಂತ ಅಲ್ಲಿ ಹಳೇ ಥರ ಎತ್ತಿ ಎಸೆದಿದ್ದರೂ ನಡೀತಿತ್ತು. ಆದರೆ ಮೇಲೆ ಬಂದಷ್ಟೂ ಬೇರೆ ಸುಮೋ ಕಾಣುತ್ತೆ. ಬಲಗೈ ಒಳಗೆ, ಎಡಗೈ ಹೊರಗಿನಿಂದ ಮವಾಶಿಗೆ. ಇಲ್ಲಿವರೆಗೆ ಹಳೇದೇ. ಹೊಸದು ಏನಂದ್ರೆ, ಹಿಡಿತ ಸಿಕ್ಕ ಕೂಡಲೇ ಎಳೆಯಲ್ಲ, ಹಿಂದೆ ವಾಲಲ್ಲ. ಮಂಡಿ ಬಾಗಿಸಿ, ಹೆಬ್ಬೆರಳು ನೆಲ ಬಿಡದ ಹಾಗೆ ಪಾದ ಜಾರಿಸುತ್ತಾ ಮುಂದಕ್ಕೇ ಹೋಗ್ತಾನೆ. ಸುರಿಆಶಿ ಅಂತಾರಲ್ಲ, ಮೊದಲ ದಿನ ಹೊಸ ಹುಡುಗರಿಗೆ ಕಲಿಸೋ ಪಾಠ, ಅದೇ. ಹೆಜ್ಜೆ ಎತ್ತಿದ್ರೆ ಒಂದು ಕ್ಷಣ ಇಡೀ ಭಾರ ಒಂದೇ ಮಂಡಿ ಮೇಲೆ ಬೀಳುತ್ತೆ. ಜಾರಿಸಿದ್ರೆ ಯಾವಾಗಲೂ ಎರಡೂ ಕಾಲು ಹಂಚಿಕೊಳ್ಳುತ್ತವೆ. ಅಂಚಿನಲ್ಲಿ ತಡೆಯೋ ಪರಿಸ್ಥಿತಿಯೇ ಬರಬಾರದು, ಅದಕ್ಕೆ ಮುಂಚೆಯೇ ಎದುರಾಳಿಯನ್ನ ಅಂಚಿಗೆ ಒಯ್ಯಬೇಕು.

ಕೆಂಪುಲಂಗೋಟಿ
ಇದನ್ನ ಒಪ್ಪತೇನ್ರೀ. ಆದ್ರ ಯೊಕೊಜುನಾ ಆದಮ್ಯಾಲೂ ಕಿಮೆ ಹಾಕೂದು ಬಿಟ್ಟಿಲ್ಲ ಅಂವ.

ಜಾರುಪಾದ
ಬಿಟ್ಟಿಲ್ಲ, ನಿಜ. ಆದರೆ ಎಲ್ಲಿ ಹಾಕ್ತಾನೆ ನೋಡಿ ಸರ್. ಮೊದಲು ಅಂಚಿನಲ್ಲಿ, ಬೇರೆ ದಾರಿ ಇಲ್ಲದೆ. ಆಮೇಲೆ ನಟ್ಟನಡುವೆ, ಸೊಂಟ ಇಳಿಸಿ, ಎದುರಾಳಿ ಉಸಿರು ಬಿಡೋವರೆಗೆ ಕಾದು.

ಶಂಖನಾದ
2020ರ ಜುಲೈ ಮಾತು ಯಾರೂ ಎತ್ತಲಿಲ್ಲ! ಮಾಎಗಶಿರ 17, ಮಕುಉಚಿಯ ತಳ. 13-2ರಲ್ಲಿ ಕಪ್. ಕೊರೊನಾ ಇದ್ದಿದ್ದಕ್ಕೆ ನಾಗೋಯ ಬದಲು ಟೋಕಿಯೊದಲ್ಲಿ, ದಿನಕ್ಕೆ ಸುಮಾರು 2,500 ಜನರಷ್ಟೇ. 13ನೇ ದಿನ ಓಜೆಕಿ ಅಸಾನೊಯಾಮನ್ನ, ಕೊನೇ ದಿನ ಮಿತಾಕೆಉಮಿಯನ್ನ ಹೊಡೆದ. ಮೊದಲ ಕಪ್‌ಗೂ ಎರಡನೇ ಕಪ್‌ಗೂ ನಡುವೆ 30 ಬಶೊ. ಆ ಸ್ಥಾನದಿಂದ ಗೆದ್ದವನು ಅವನೊಬ್ಬನೇ.

ಗುಲಾಬಿಮವಾಶಿ
ಅವನೊಬ್ಬನೇ ಅಲ್ಲ. ಅದೇ ವರ್ಷ ಜನವರಿಯಲ್ಲಿ ತೊಕುಶೊರ್ಯು ಕೂಡ ಮಾಎಗಶಿರ 17ರಿಂದಲೇ ಗೆದ್ದಿದ್ದ.

ಶಂಖನಾದ
ಹೌದು ಹೌದು, ನನ್ನ ತಪ್ಪು.

ಬಂಜುಕೆಬಾಬು
ಓಜೆಕಿಗೆ ಮರಳಿದ ಲೆಕ್ಕವನ್ನೂ ಸೇರಿಸಿ. ಮೂರು ಬಶೊದಲ್ಲಿ 33 ಗೆಲುವು ಅನ್ನೋದು ವಾಡಿಕೆ. 2015ರಲ್ಲಿ 8, 13, 12 ಸೇರಿಸಿ ಸರಿಯಾಗಿ 33 ಮುಟ್ಟಿದ್ದ, ಆ 8 ಬೇರೆ ಮಾಎಗಶಿರ ಆಗಿದ್ದಾಗ ಬಂದಿದ್ದು. 2021ರಲ್ಲಿ 13, 11, 12, ಒಟ್ಟು 36. ಅನುಮಾನಕ್ಕೆ ಜಾಗವೇ ಇಲ್ಲ. ಆ ‘10 ಗೆಲುವಿನ’ ದಾರಿಯಲ್ಲಿ ಅಲ್ಲದೆ, ಆಧುನಿಕ ಸುಮೋದಲ್ಲಿ ಮೊದಲಿನಿಂದ ಏರಿ ಓಜೆಕಿ ಪಟ್ಟ ವಾಪಸ್ ಪಡೆದವರು ಅವನಿಗೆ ಮುಂಚೆ ಕೈಕೆತ್ಸು ಒಬ್ಬರೇ, ಅದು 1970ರ ದಶಕದಲ್ಲಿ.

ಹಳೇದೊಹ್ಯೊ
ಯೊಕೊಜುನಾ ಆದ ಮೇಲಿನ ಲೆಕ್ಕ ಇನ್ನೂ ಗಮನಿಸಬೇಕಾದ್ದು. ಒಟ್ಟು 21 ಬಶೊ. 15 ದಿನವೂ ಆಡಿದ್ದು 8. ಉಳಿದ 13ರಲ್ಲಿ ಪೂರ್ತಿ ಗೈರು ಅಥವಾ ನಡುವೆ ಹಿಂದೆ ಸರಿದಿದ್ದು. ಆ 8ರಲ್ಲಿ 6 ಕಪ್! ಉಳಿದ ಎರಡರಲ್ಲೂ 11-4. ಪೂರ್ತಿ ಆಡಿದರೆ ಗೆಲ್ಲೋದು, ಇಲ್ಲದಿದ್ದರೆ ಆಡೋದೇ ಇಲ್ಲ.

ಯೊಕೊಜುನಾನ ಕೆಳಗಿಳಿಸೋ ಹಾಗಿಲ್ಲ, ಇದು ವರವೂ ಹೌದು, ಉರುಳೂ ಹೌದು. ಓಜೆಕಿ ಆಗಿದ್ದಾಗ ಸಿಗದ ಬಿಡುವು ಈಗ ಸಿಕ್ಕಿತು. 2022ರ ಅಕ್ಟೋಬರಲ್ಲಿ ಮತ್ತೆ ಎರಡೂ ಮಂಡಿ ಸರ್ಜರಿ ಮಾಡಿಸಿ, ಮೂರು ಬಶೊ ಪೂರ್ತಿ ಕೂತು, 2023ರ ಮೇನಲ್ಲಿ 14-1ರಲ್ಲಿ ಕಪ್ ಎತ್ತಿದ. ಆದರೆ ಯೊಕೊಜುನಾಗೆ ಸೋತು ಕೆಳಗಿಳಿದು ಮತ್ತೆ ಏರುವ ದಾರಿ ಇಲ್ಲ. ಆಗಲ್ಲ ಅಂದ ದಿನ ನಿವೃತ್ತಿ ಒಂದೇ.

ಸಂಧಿಬಂಧ
ಬಂಜುಕೆಬಾಬು ಅವರ ವಾದಕ್ಕೆ ಇದೇ ಸಾಕ್ಷಿ. ಅದೇ ಮನುಷ್ಯ, ಅದೇ ಮಂಡಿ, ಇನ್ನೂ ಸವೆದಿದ್ದು. ಬಿಡುವು ಸಿಕ್ಕಾಗ ವಾಸಿ ಮಾಡಿಕೊಂಡು ಬಂದು ಗೆದ್ದ. 2016ರಲ್ಲಿ ಅದೇ ಬಿಡುವು ಸಿಕ್ಕಿದ್ರೆ?

ಜಾರುಪಾದ
ಹಳೇ ಪಟ್ಟಿನಲ್ಲೇ ವಾಪಸ್ ಬಂದು ಮತ್ತೆ ಮುರ್ಕೊಳ್ತಿದ್ದ. ಕೆಳಗೆ ಬೀಳದೇ ಇದ್ದಿದ್ರೆ ಆ ಪಾದ ಕಲೀತಿರಲಿಲ್ಲ ಅಂತಲೇ ನನ್ನ ಮಾತು.

ಸಂಧಿಬಂಧ
ಇದನ್ನ ಒಪ್ಪಲ್ಲ. ಕಲಿಯೋಕೆ ಯಾರೂ ಜೊನಿದಾನ್‌ಗೆ ಬೀಳಬೇಕಾಗಿಲ್ಲ.

ಶಂಖನಾದ
ಕೊನೇ ಕಪ್ 2024ರ ಜುಲೈ ನಾಗೋಯ. 12-3, ಪ್ಲೇಆಫ್‌ನಲ್ಲಿ ತಕಾನೊಶೊನ ನೂಕಿ ಗೆದ್ದ. ಹತ್ತನೇದು. ಆ ಬೆಳ್ಳಿ ಕಪ್ಪೇ 29 ಕೆ.ಜಿ. ಆಮೇಲೆ ಎರಡು ಬಶೊ ಗೈರು, 2025ರ ಜನವರಿಯಲ್ಲಿ 5ನೇ ದಿನ ಹಿಂದೆ ಸರಿದವನು ಮತ್ತೆ ಇಳಿಯಲಿಲ್ಲ.

ಪಡುವಣಗಾಳಿ
ಈಗ ಎಂತ ಮಾಡ್ತಿದ್ದಾರೆ?

ಹಳೇದೊಹ್ಯೊ
ಗುರು ಆಗಿದ್ದಾರೆ. 2021ರಲ್ಲೇ ಜಪಾನ್ ಪೌರತ್ವ ತಗೊಂಡಿದ್ರು, ಅದಿಲ್ಲದೆ ಒಯಾಕತ (ಸುಮೋ ಸಂಘದ ಗುರು) ಆಗೋ ಹಾಗಿಲ್ಲ. ಆಸಾಹಿಫುಜಿಗೆ 65 ತುಂಬುತ್ತಾ ಬಂದಿದ್ದರಿಂದ 2025ರ ಜೂನ್‌ನಲ್ಲಿ ಇಸೆಗಹಾಮ ಗರಡಿಯನ್ನ ಇವರ ಕೈಗೆ ಒಪ್ಪಿಸಿದ್ರು.

ಗುಲಾಬಿಮವಾಶಿ
ಅವರು ಹೋದ ಎರಡೇ ವಾರದಲ್ಲಿ ಹೊಶೊರ್ಯುಗೆ ಪಟ್ಟ ಕಟ್ಟಿದ್ದು ಅವಸರ ಆಯ್ತು. ಯೊಕೊಜುನಾ ಆಗಿ ಮೊದಲ ಬಶೊದಲ್ಲೇ ಹಿಂದೆ ಸರಿಯಬೇಕಾಯ್ತು ಅವನು. ಆಮೇಲೆ ಯೊಕೊಜುನಾ ಆದ ಓನೊಸಾಟೊ ಬಂದಿದ್ದು ಸರಿಯಾದ ಲೆಕ್ಕದಲ್ಲಿ.

ಬಂಜುಕೆಬಾಬು
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮೇಡಂ, ನಾನೂ ಬರ್ತೀನಿ ಜಗಳಕ್ಕೆ.

ಮಣ್ಣಿನಂಗಳ
ಎಲ್ಲರಿಗೂ ಧನ್ಯವಾದ. ಹೊಸಬರು ಹಳೇ ಸೆಣಸು ನೋಡೋದಾದ್ರೆ ಯಾವ ಕ್ರಮದಲ್ಲಿ ನೋಡಬೇಕು?

ಜಾರುಪಾದ
2015ರ ಮೇ ಬಶೊದ ಯಾವುದಾದ್ರೂ ನಾಲ್ಕು. ಆಮೇಲೆ 2015ರ ಸೆಪ್ಟೆಂಬರ್ 13ನೇ ದಿನ, ನಿಧಾನ ಮಾಡಿ, ಹಿಮ್ಮಡಿ ಮೇಲೆ ಕಣ್ಣಿಟ್ಟು. ನೇರ 2020ರ ಜುಲೈ ಕೊನೇ ದಿನಕ್ಕೆ ಹಾರಿ. ಅದಾದ ಮೇಲೆ 2021ರ ನವೆಂಬರ್, 15-0, ಪೂರ್ತಿ ನೋಡಿ. ನಾಲ್ಕು ಸಲವೂ ಸೊಂಟದ ಕೆಳಗೆ ಮಾತ್ರ ನೋಡಿ, ಕೈ ನೋಡಬೇಡಿ.

ಪಡುವಣಗಾಳಿ
ನೇರ ಪ್ರಸಾರ ನಮ್ಮಲ್ಲಿ ಎಷ್ಟು ಗಂಟೆಗೆ?

ಹಳೇದೊಹ್ಯೊ
ಬೆಸ ತಿಂಗಳುಗಳಲ್ಲಿ, 15 ದಿನ. ಕೊನೆಯ ಸೆಣಸು ಅಲ್ಲಿ ಸಂಜೆ ಆರರ ಹೊತ್ತಿಗೆ ಮುಗಿಯುತ್ತೆ, ನಮಗೆ ಮಧ್ಯಾಹ್ನ ಎರಡೂವರೆ. ಎನ್‌ಎಚ್‌ಕೆ ವರ್ಲ್ಡ್‌ನಲ್ಲಿ ಮುಖ್ಯಾಂಶ ಬರುತ್ತೆ. ತಳದ ವಿಭಾಗಗಳು ಬೆಳಗ್ಗೆ ಎಂಟೂವರೆ ಸುಮಾರಿಗೇ ಶುರು, ಅರ್ಧ ಖಾಲಿ ಹಾಲ್‌ನಲ್ಲಿ. ಜೊನಿದಾನ್ ನೋಡಬೇಕಂದ್ರೆ ನಮ್ಮಲ್ಲಿ ಐದಕ್ಕೆಲ್ಲ ಎದ್ದಿರಬೇಕು.

ಪಡುವಣಗಾಳಿ
ಏಳ್ತೇನೆ.